ಪದ ಬೇಕು (ತುರ್ತು): 'ಇಂಡೋರ್ ಫೋಟೋಗ್ರಫಿ', 'ಸ್ಟಿಲ್ ಲೈಫ್', 'ಬೊಕೆ', 'ಲೈಟ್ ಪೇಂಟಿಂಗ್'

ಕೇಳಿದವರು:

ಗೆಳೆಯರೆ, ನಮಸ್ಕಾರ.

ಫೋಟೋಗ್ರಫಿ ಕಲಿಯುವವರಿಗಾಗಿ ಒಂದು ಗೋಡೆಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಫೂರ್ತಿ ಬತ್ತಿ ಕ್ಯಾಮೆರಾ ಮೂಲೆ ಸೇರಿದಾಗ ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗಗಳು ಅದರಲ್ಲಿವೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಈ ನಾಲ್ಕು ಪದಗಳ ಹತ್ತಿರ ಕೆಲಸ ನಿಂತಿದೆ.

'ಇಂಡೋರ್ ಫೋಟೋಗ್ರಫಿ' ತಲೆಬರಹದಲ್ಲಿದೆ. 'ಸ್ಟಿಲ್ ಲೈಫ್' ಅಂದರೆ ಕುರ್ಚಿಯ ಮೇಲೋ ಮೇಜಿನ ಮೇಲೋ ಬಟ್ಟಲು, ಪುಸ್ತಕ, ಒಣಗಿದ ಎಲೆ ಜೋಡಿಸಿ ಕಿಟಕಿಯ ಬೆಳಕಿನಲ್ಲಿ ತೆಗೆಯುವುದು. 'ಬೊಕೆ' ಅಂದರೆ ಹಿಂದಿನ ಪುಟ್ಟ ದೀಪಗಳು ಫೋಕಸ್ ತಪ್ಪಿ ಬೆಳಕಿನ ಚುಕ್ಕೆಗಳಾಗಿ ಹರಡುವುದು. 'ಲೈಟ್ ಪೇಂಟಿಂಗ್' ಅಂದರೆ ಕೋಣೆ ಕತ್ತಲು ಮಾಡಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಷಟರನ್ನು 20–30 ಸೆಕೆಂಡು ತೆರೆದಿಟ್ಟು ಟಾರ್ಚಿನಿಂದ ಗಾಳಿಯಲ್ಲಿ ಗೀಚುವುದು.

ದೂರದಿಂದ ಓದುವ ಫಲಕ. ಪದ ಚಿಕ್ಕದಿರಲಿ. ಪಕ್ಕದಲ್ಲಿ ವಿವರಣೆ ಕೊಡಲು ಜಾಗ ಇಲ್ಲ.

ಹಳೆಯ ಸದಸ್ಯರು:

ಒಳಾಂಗಣ ಛಾಯಾಗ್ರಹಣ. ಸ್ತಬ್ಧಚಿತ್ರ. ಮಬ್ಬು ಬೆಳಕು. ಬೆಳಕಿನ ಚಿತ್ರಕಲೆ. ಇದರಲ್ಲಿ ಚರ್ಚೆ ಮಾಡಲು ಏನಿದೆ?

ಮೇಷ್ಟ್ರು:

ಬೇಕಾದಷ್ಟಿದೆ. 'ಒಳ' ಕನ್ನಡ, 'ಅಂಗಣ' ಸಂಸ್ಕೃತ. ಅರಿಸಮಾಸ. ಸಾಲದ್ದಕ್ಕೆ ಕನ್ನಡ ಪದಕ್ಕೆ ಸವರ್ಣದೀರ್ಘ ಹಚ್ಚಿದ್ದಾರೆ. ಲೋಪ ಬಂದು 'ಒಳಂಗಣ' ಆಗಬೇಕಿತ್ತು. ತದ್ಭವ ಹಿಡಿದಿದ್ದರೆ 'ಒಳಂಗಳ' ಅಂತ ಚೊಕ್ಕವಾಗಿ ಆಗುತ್ತಿತ್ತು. ಈ ಬೆರಕೆ ಬೇಡ ಎಂದು ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ್ದಾನೆ. ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ಮಾತ್ರ ಅವನು ಬಿಟ್ಟುಕೊಟ್ಟದ್ದು. 'ಬಳಕೆಯಲ್ಲಿದೆ' ಎಂಬ ಒಂದೇ ಕಾರಣಕ್ಕೆ ತಪ್ಪು ಸರಿಯಾಗುವುದಿಲ್ಲ.

ಸ್ಟುಡಿಯೋದವರು:

ಮೇಷ್ಟ್ರೇ, ಸಂಧಿಯ ಮಾತು ನಿಮಗೇ ಬಿಟ್ಟೆ. ನನ್ನ ತಕರಾರು ಅರ್ಥದ್ದು. 'ಒಳಾಂಗಣ ವಿನ್ಯಾಸ' ಕೇಳಿ ಕೇಳಿ ಜನರ ಕಿವಿ ಪಳಗಿಬಿಟ್ಟಿದೆ. 'ಒಳಾಂಗಣ ಛಾಯಾಗ್ರಹಣ' ಎಂದರೆ ಸೋಫಾ, ಪರದೆ, ಗೋಡೆಯ ಬಣ್ಣ ಇವನ್ನೆಲ್ಲ ಚಂದವಾಗಿ ತೆಗೆಯುವ ಕೆಲಸ ಅಂದುಕೊಳ್ಳುತ್ತಾರೆ. ಅದು ಬೇರೆಯೇ ಕಸುಬು. ಇಲ್ಲಿ ಕೋಣೆ ಬರೀ ಜಾಗ, ಅದರ ಚಿತ್ರ ಯಾರಿಗೂ ಬೇಕಿಲ್ಲ. 'ಮನೆಯ ಫೋಟೋ' ಬೇರೆ, 'ಮನೆಯೊಳಗೆ ಫೋಟೋ' ಬೇರೆ, ಅಲ್ವಾ? ಇಷ್ಟು ಸಲೀಸಾದ ದಾರಿ ಇರುವಾಗ ಸಮಾಸ ಯಾಕೆ ಕಟ್ಟಬೇಕು?

'ಸ್ತಬ್ಧಚಿತ್ರ' ಬೇಡವೇ ಬೇಡ. ಅದು ಮೆರವಣಿಗೆಯಲ್ಲಿ ಗಾಡಿಯ ಮೇಲೆ ಬರುವ ದೃಶ್ಯ. 'ಸ್ಥಿರಚಿತ್ರ'ವೂ ಆಗದು. ಚಲನಚಿತ್ರದ ಎದುರಿಗೆ ನಿಂತರೆ ಎಲ್ಲ ಫೋಟೋಗಳೂ ಸ್ಥಿರಚಿತ್ರಗಳೇ. ಇಂಗ್ಲಿಷಿನ 'ಸ್ಟಿಲ್' ಎಂಬ ಒಂದು ಪದವನ್ನು ಜಗ್ಗಾಡುವುದರಿಂದ ಬರುವ ತೊಂದರೆ ಇದು. ಇಂಗ್ಲಿಷರಿಗೂ ಅದು ಡಚ್ಚರಿಂದ ಬಂದದ್ದು. ಫ್ರೆಂಚರು ಅದರ ಗೊಡವೆಗೆ ಹೋಗದೆ 'ಸತ್ತ ಪ್ರಕೃತಿ' ಎಂದು ಕರೆದುಕೊಂಡರು. ನಮ್ಮ ಕಣ್ಣಿಗೆ ಕಾಣುವುದು ಜೋಡಿಸಿಟ್ಟ ವಸ್ತುಗಳು. ಕೆಲಸವೂ ಅದರದ್ದೇ. ಕಿಟಕಿ ಒಂದು ಪಕ್ಕಕ್ಕಿರಬೇಕು. ಇನ್ನೊಂದು ಪಕ್ಕಕ್ಕೆ ಬಿಳಿ ರಟ್ಟು ಹಿಡಿದರೆ ನೆರಳು ತಿಳಿಯಾಗುತ್ತದೆ, ಕಪ್ಪು ರಟ್ಟು ಹಿಡಿದರೆ ಇನ್ನೂ ದಟ್ಟವಾಗುತ್ತದೆ. ಅದೇ ಬಟ್ಟಲು ಬೆಳಿಗ್ಗೆ ಒಂದು ಥರ, ಇಳಿಹೊತ್ತಿನಲ್ಲಿ ಇನ್ನೊಂದು ಥರ ಕಾಣುತ್ತದೆ. ಏನೂ ತೋಚದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ವಸ್ತು ಅಲ್ಲಾಡುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. 'ವಸ್ತುಚಿತ್ರ' ಎಂದು ಬರೆಯಿರಿ.

ಇನ್ನು 'ಮಬ್ಬು ಬೆಳಕು' ಎಂದರೆ ಮಂಕಾದ ಬೆಳಕು. ಪೂರ್ತಿ ತಪ್ಪು.

ಅಚ್ಚಗನ್ನಡದವರು:

ಎಲ್ಲರೂ ತಲೆಬರಹದ ಮುಖ್ಯ ಪದವನ್ನೇ ಬಿಟ್ಟಿದ್ದೀರಿ. ಗ್ರೀಕಿನಲ್ಲಿ 'ಫೋಟೋ' ಅಂದರೆ ಬೆಳಕಿನ, 'ಗ್ರಫಿ' ಅಂದರೆ ಬರೆಯುವುದು. ಜಾನ್ ಹರ್ಷಲ್ 1839ರಲ್ಲಿ ಈ ಪದವನ್ನು ಬಳಕೆಗೆ ತಂದಾಗ ಇದ್ದ ಅರ್ಥ ಇಷ್ಟೇ. ಅದಕ್ಕೆ ನಾವು 'ಛಾಯಾಗ್ರಹಣ' ಎಂದೆವು. ನೆರಳು ಹಿಡಿಯುವುದು! ಬೆಳಕನ್ನು ಬಿಟ್ಟು ನೆರಳಿಗೆ ಜೋತುಬಿದ್ದೆವು. 'ಬೆಳಕುಬರಹ' ಎನ್ನಿ. ಎರಡೂ ನಮ್ಮವೇ ಪದಗಳು. ಮಗುವಿಗೂ ತಿಳಿಯುತ್ತದೆ.

ಮೇಷ್ಟ್ರು:

ಛಾಯೆಗೆ ನೆರಳು ಎಂಬ ಒಂದೇ ಅರ್ಥವಿಲ್ಲ. ಪ್ರತಿಬಿಂಬವೂ ಹೌದು, ಕಾಂತಿಯೂ ಹೌದು. ನಿಘಂಟು ತೆಗೆದು ನೋಡಿ ಆಮೇಲೆ ಪದ ಕಟ್ಟಿ.

ಸ್ಟುಡಿಯೋದವರು:

'ಬೆಳಕುಬರಹ' ಚೆನ್ನಾಗಿದೆ. ಆದರೆ ಅದು ಸಲ್ಲುವುದು ನಾಲ್ಕನೆಯದಕ್ಕೆ. 1949ರಲ್ಲಿ ಪಿಕಾಸೊ ಕತ್ತಲಲ್ಲಿ ನಿಂತು ಪುಟ್ಟ ದೀಪದಿಂದ ಗಾಳಿಯಲ್ಲಿ ಚಿತ್ರ ಬರೆದರು. ಜ್ಯೋನ್ ಮಿಲಿ ಅದನ್ನು ಕ್ಯಾಮೆರಾದಲ್ಲಿ ಹಿಡಿದರು. ಆ ಫೋಟೋ ನೋಡಿದವರಿಗೆ 'ಬೆಳಕಿನ ಬರಹ' ಎಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. ಚಿತ್ರವನ್ನೂ ನಾವು 'ಬರೆಯು'ತ್ತೇವೆ, ಹಾಗಾಗಿ ಪೇಂಟಿಂಗ್ ಎಂಬುದಕ್ಕೆ ಬೇರೆ ಪದ ಹುಡುಕುವ ಕಷ್ಟವೂ ಇಲ್ಲ. ಇಂಥ ಒಳ್ಳೆಯ ಪದವನ್ನು ಇಡೀ ಫೋಟೋಗ್ರಫಿಗೆ ಕೊಟ್ಟುಬಿಟ್ಟರೆ ಟಾರ್ಚ್ ಹಿಡಿದು ನಿಂತವನಿಗೆ ಏನು ಉಳಿಯುತ್ತದೆ?

ಅಚ್ಚಗನ್ನಡದವರು:

ಅಂದರೆ ಇಡೀ ಕಲೆಗೆ ಸಾಲದ ಪದ, ಅದರ ಒಂದು ಮೂಲೆಗೆ ಕನ್ನಡ. ಕನ್ನಡ ಯಾವಾಗಲೂ ಹೀಗೆ ಮೂಲೆಯಲ್ಲೇ ಕೂತಿರಬೇಕಾ? ಇವತ್ತು ಫೋಟೋ, ನಾಳೆ ಲೈಟು, ನಾಡಿದ್ದು ಷ್ಯಾಡೋ. ಒಂದೊಂದೇ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದಾಗಿ ಉಳಿಯುತ್ತದೆ. ನಾನು ಇದನ್ನು ಸುಮ್ನೆ ಹಟಕ್ಕೆ ಹೇಳುತ್ತಿಲ್ಲ.

ಅನುವಾದಕಿ:

ಸರ್, ನಿಮ್ಮ ಕಳವಳ ನನಗೂ ಇದೆ. 'ಲೈಟು', 'ಷ್ಯಾಡೋ' ಬಂದರೆ ನಾನೂ ಜಗಳಕ್ಕೆ ನಿಲ್ಲುತ್ತೇನೆ. ಬೆಳಕು, ನೆರಳು ಇಲ್ಲೇ ಇವೆ, ಕಡ ತರುವ ಅಗತ್ಯವಿಲ್ಲ. 'ಫೋಟೋ' ಹಾಗಲ್ಲ. ವಸ್ತುವಿನ ಜೊತೆಗೇ ಬಂತು, ಫೋಟೋಗಳು, ಫೋಟೋದಲ್ಲಿ ಎಂದು ನಮ್ಮ ಪ್ರತ್ಯಯ ಹಚ್ಚಿಕೊಂಡಿತು, 'ತೆಗೆ' ಎಂಬ ನಮ್ಮ ಕ್ರಿಯಾಪದದ ಜೊತೆ ಬಾಳುತ್ತಿದೆ. ಇದೇ ಪತ್ರದ ಮೊದಲಿನಲ್ಲಿ 'ಕುರ್ಚಿ' ಇದೆ, ಅದು ಅರಬಿಯದು. ನಾವೆಲ್ಲ ಬರೆಯುವ 'ಕಾಗದ' ಪಾರಸಿಯಿಂದ ಬಂದದ್ದು. ಅವನ್ನು ಯಾರೂ ಹೊರಗೆ ಹಾಕಲಿಲ್ಲ. ಯಾವ ಪದಕ್ಕೆ ಹೋರಾಡಬೇಕು ಎಂದು ಆರಿಸಿಕೊಳ್ಳೋಣ.

ಹೋರಾಡಬೇಕಾದದ್ದು 'ಬೊಕೆ'ಯ ವಿಷಯದಲ್ಲಿ. ಅದು ಜಪಾನಿ ಪದ. ಮಸುಕು, ಮಬ್ಬು ಎಂದು ಅರ್ಥ. ಇಂಗ್ಲಿಷರೂ ಅದನ್ನು ಓದುವಾಗ ಎಡವುತ್ತಿದ್ದರು. ಅದಕ್ಕೇ 1997ರಲ್ಲಿ ಒಂದು ಅಮೆರಿಕನ್ ಫೋಟೋ ಪತ್ರಿಕೆ ಪದದ ಕೊನೆಗೆ 'ಎಚ್' ಅಕ್ಷರ ಸೇರಿಸಿತು. ಕನ್ನಡ ಲಿಪಿಯಲ್ಲಿ ಆ ಎಚ್ ಉಳಿಯುವುದಿಲ್ಲ. ನಮ್ಮಲ್ಲಿ ಹೂಗುಚ್ಛವೂ ಬೊಕೆಯೇ. 'ಬೊಕೆ ಚಿತ್ರ' ಎಂದು ಗೋಡೆಗೆ ಹಾಕಿದರೆ ಓದಿದವರು ಹೂ ಹುಡುಕುತ್ತಾರೆ. ಕಲಿಯುವವರಿಗೆ ಕಾಣಬೇಕಾದದ್ದು ಆ ದುಂಡನೆಯ ಬೆಳಕು. 'ಬೆಳಕಿನ ಬಿಲ್ಲೆ' ಸಾಕು.

ಸ್ಟುಡಿಯೋದವರು:

ಬೊಕೆ ಅಂದರೆ ಬಿಲ್ಲೆ ಮಾತ್ರ ಅಲ್ಲ, ಮಸುಕಿನ ಗುಣ. ಫಲಕದಲ್ಲಿ ದೀಪಗಳ ಪ್ರಯೋಗ ಒಂದೇ ಇರುವುದಾದರೆ ಒಪ್ಪುತ್ತೇನೆ. ಆದರೆ ಕಪ್ಪು ಕಾಗದದಲ್ಲಿ ನಕ್ಷತ್ರದ ಆಕಾರದ ಪುಟ್ಟ ತೂತು ಕತ್ತರಿಸಿ ಆ ಕಾಗದವನ್ನು ಲೆನ್ಸಿನ ಮುಂದೆ ಇಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದರೆ ಹಿಂದಿನ ದೀಪಗಳೆಲ್ಲ ನಕ್ಷತ್ರಗಳಾಗುತ್ತವೆ. ತುಂಬ ಜನ ಮಾಡುವ ಪ್ರಯೋಗ. ಬಿಲ್ಲೆ ಗುಂಡಗಿರಬೇಕಲ್ಲ?

ಅನುವಾದಕಿ:

ಕುಂಟೆಬಿಲ್ಲೆಗೆ ಯಾರೂ ಗುಂಡಗಿನ ಕಲ್ಲೇ ಬೇಕು ಅನ್ನುವುದಿಲ್ಲ. ಚಪ್ಪಟೆಯಾಗಿದ್ದರೆ ಆಯಿತು.

ತಲೆಬರಹಕ್ಕೆ ಒಂದು ಮಾತು. 'ಸ್ಫೂರ್ತಿ ಬತ್ತಿದಾಗ' ಎಂದು ಬರೆಯಬೇಡಿ, ಫಲಕಕ್ಕೆ ಭಾರವಾಯಿತು. ಕನ್ನಡದಲ್ಲಿ ಉಪಾಯ 'ಹೊಳೆಯು'ತ್ತದೆ. ಬೆಳಕೂ ಹೊಳೆಯುತ್ತದೆ. ಫೋಟೋ ತೆಗೆಯುವವರಿಗೆ ಇದಕ್ಕಿಂತ ಹೊಂದುವ ಪದ ನನಗೆ ಕಾಣುತ್ತಿಲ್ಲ. 'ಏನೂ ಹೊಳೆಯದಿದ್ದಾಗ' ಎಂದಷ್ಟೇ ಹಾಕಿ.

ಹಳೆಯ ಸದಸ್ಯರು:

'ಹೊಳೆಯದಿದ್ದಾಗ' ಒಪ್ಪಿದೆ. ಉಳಿದದ್ದು ಕಾಲಹರಣ.

ಕೇಳಿದವರು:

ಎಲ್ಲರಿಗೂ ವಂದನೆಗಳು. ತಲೆಬರಹ: 'ಏನೂ ಹೊಳೆಯದಿದ್ದಾಗ ಮನೆಯೊಳಗೆ ಫೋಟೋ'. ಕೆಳಗೆ ವಸ್ತುಚಿತ್ರ, ಬೆಳಕಿನ ಬಿಲ್ಲೆ, ಬೆಳಕಿನ ಬರಹ.

ಸ್ಟುಡಿಯೋದವರು ಹೇಳಿದ ನಕ್ಷತ್ರದ ಪ್ರಯೋಗವನ್ನೂ ಸೇರಿಸುತ್ತಿದ್ದೇನೆ. ಅಲ್ಲಿ 'ಅಪರ್ಚರ್' ಬರುತ್ತದೆ. ಪಠ್ಯಪುಸ್ತಕದ 'ದ್ಯುತಿರಂಧ್ರ' ನನಗೆ ಬೇಡ. 'ಬೆಳಕಿಂಡಿ' ಎನ್ನಬಹುದಾ?

ಅಚ್ಚಗನ್ನಡದವರು:

ಬೆಳಕಿಂಡಿ. ಎರಡನೇ ಯೋಚನೆಯೇ ಬೇಡ. ಚಾವಣಿಯ ಕಿಂಡಿಯೂ ಬೆಳಕು ಬಿಡುತ್ತದೆ, ಲೆನ್ಸಿನದೂ ಬೆಳಕು ಬಿಡುತ್ತದೆ. ಕೆಲಸ ಒಂದೇ.

ಸ್ಟುಡಿಯೋದವರು:

ಚಾವಣಿಯ ಕಿಂಡಿ ದೊಡ್ಡದು ಚಿಕ್ಕದು ಆಗುವುದಿಲ್ಲ. ಲೆನ್ಸಿನದು ಆಗುತ್ತದೆ, ಅದರ ಪ್ರಯೋಜನವೇ ಅದು. ಆದರೂ ಪದ ನನಗೆ ಹಿಡಿಸಿತು. ಕ್ಯಾಮೆರಾದಲ್ಲಿ ಯಾವ ಸಂಖ್ಯೆಗೆ ತಿರುಗಿಸಬೇಕು ಎಂದೂ ಬರೆಯಿರಿ. 1.8 ಅಥವಾ 2. ಆಗ ಯಾವ ಕಿಂಡಿ ಎಂಬ ಗೊಂದಲ ಬರುವುದಿಲ್ಲ.

ಮೇಷ್ಟ್ರು:

ಬೆಳಕು, ಕಿಂಡಿ, ಎರಡೂ ಕನ್ನಡ. ಸಮಾಸಕ್ಕೆ ನನ್ನ ಅಡ್ಡಿ ಇಲ್ಲ. 'ವಸ್ತುಚಿತ್ರ' ಎರಡೂ ಸಂಸ್ಕೃತ, ಅದಕ್ಕೂ ಇಲ್ಲ.

ಅಚ್ಚಗನ್ನಡದವರು:

ತಲೆಬರಹದ 'ಫೋಟೋ'ಗೆ ನನ್ನ ಅಡ್ಡಿ ಇದೆ. ಫಲಕದ ಕೆಳಗೆ ನೆರವಾದವರ ಹೆಸರು ಹಾಕುವುದಿದ್ದರೆ ನನ್ನದು ಬಿಡಿ.