ಹಿಸ್ಸಾ ನಂಬರ್ ತಪ್ಪು ಬಿದ್ದಿದೆ, ಅಪ್ಪನ ಅಫಿಡವಿಟ್ ಕೂಡ ಆಗಿದೆ, ಈಗ ದಾವೆ ತಿದ್ದಬಹುದಾ?

ಸೇಡಂ ಕಡೆಯವ:
ನಮಸ್ಕಾರ ಎಲ್ಲರಿಗೂ. ಸೇಡಂ ತಾಲ್ಲೂಕಿನಲ್ಲಿ ನಮ್ಮದು 4 ಎಕರೆ ತೊಗರಿ ಹೊಲ. ಬಾಜೂ ಹೊಲದವರು ಬದು ಒತ್ತುತ್ತಾ ಬಂದರು ಅಂತ ಅಪ್ಪ ಕಾಯಂ ತಡೆಯಾಜ್ಞೆಗೆ ದಾವೆ ಹಾಕಿದ್ದಾರೆ. ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿದೆ. ಈಗ ಕಾಗದ ನೋಡಿದರೆ ದಾವೆಯಲ್ಲಿ ಹೊಲದ ವಿವರ ಕೊಡುವ ಷೆಡ್ಯೂಲ್‌ನಲ್ಲಿ ಹಿಸ್ಸಾ (ಸರ್ವೆ ನಂಬರಿನ ಒಳಭಾಗ) 3 ಇರಬೇಕಾದಲ್ಲಿ 2 ಅಂತ ಟೈಪ್ ಆಗಿದೆ, ಪೂರ್ವ ಪಶ್ಚಿಮದ ಚೆಕ್ಕುಬಂದಿಯೂ ಅದಲು ಬದಲು. ಹಿಸ್ಸಾ 2 ಎದುರಿನವರದು! ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು, ಅಂದರೆ ವಿವಾದಾಂಶಗಳು, ಆಗಿವೆ, ಅಪ್ಪನ ಮುಖ್ಯ ವಿಚಾರಣೆಯ (ಸಾಕ್ಷಿ ಹೇಳಿಕೆಯ) ಅಫಿಡವಿಟ್ ಹೋದ ತಾರೀಖಿಗೆ ಹಾಕಿದ್ದಾರೆ, ಎದುರಿನ ವಕೀಲರ ಪಾಟೀಸವಾಲು ಇನ್ನೂ ಆಗಿಲ್ಲ. ವಕೀಲರು "ಏನೂ ಆಗಲ್ಲ, ಸಾಕ್ಷಿಯಲ್ಲಿ ಸರಿ ಹೇಳಿದರೆ ಸಾಕು" ಅಂತಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಕರಿಕೋಟು:
ಸಾಕಾಗಲ್ಲ ತಮ್ಮಾ. ವಾದಪತ್ರದಲ್ಲಿ ಇಲ್ಲದ್ದನ್ನು ಸಾಕ್ಷಿಯಲ್ಲಿ ಹೇಳಿದರೆ ಎದುರಿನ ವಕೀಲರಿಗೆ ಹಬ್ಬ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6 ನಿಯಮ 17ರ ಕೆಳಗೆ ತಿದ್ದುಪಡಿ ಅರ್ಜಿ ಹಾಕಿಸಿ. ಆದರೆ 2002ರ ತಿದ್ದುಪಡಿ ಆದಮೇಲೆ ಅಲ್ಲೊಂದು ಷರತ್ತು ಬಂದಿದೆ. ದಾವೆಯ ವಿಚಾರಣೆ (ಟ್ರಯಲ್) ಶುರುವಾದ ಮೇಲೆ ಕೇಳಿದರೆ, ಎಷ್ಟು ಎಚ್ಚರ ವಹಿಸಿದ್ದರೂ ಮುಂಚೆ ಇದನ್ನು ಎತ್ತಲು ಆಗುತ್ತಿರಲಿಲ್ಲ ಅಂತ ಕೋರ್ಟಿಗೆ ಒಪ್ಪಿಗೆ ಆಗಬೇಕು. ಮುಖ್ಯ ವಿಚಾರಣೆಯ ಅಫಿಡವಿಟ್ ಸಲ್ಲಿಸಿದ ದಿನವೇ ವಿಚಾರಣೆ ಶುರು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ವಿದ್ಯಾಬಾಯಿ ಪ್ರಕರಣದಲ್ಲಿ ಹೇಳಿದೆ. ಅಂದರೆ ನೀವು ಆ ಗೆರೆ ದಾಟಿದ್ದೀರಿ.

ಹಾಗಂತ ಗಾಬರಿ ಬೇಡ. ಹಿಸ್ಸಾ ನಂಬರ್, ದಿಕ್ಕು ಇಂಥ ಕೈತಪ್ಪುಗಳನ್ನು ಕೋರ್ಟುಗಳು ಸಾಮಾನ್ಯವಾಗಿ ತಿದ್ದಲು ಬಿಡುತ್ತವೆ, ಯಾಕಂದರೆ ದಾವೆಯ ಸ್ವರೂಪ ಬದಲಾಗಲ್ಲ. ಎದುರಿನವರಿಗೆ ಕೊಡಲು ಕಾಸ್ಟ್ (ಖರ್ಚಿನ ಹಣ) ಹಾಕಬಹುದು, ಕಟ್ಟಿಬಿಡಿ. ಪಹಣಿ, ಹಿಸ್ಸಾ ನಕಾಶೆ ಜೊತೆಗಿಡಿ.

ನನಗೆ ಚಿಂತೆ ಇರೋದು ಬೇರೆ. ಎದುರಿನವರು ಜವಾಬಿನಲ್ಲಿ (ದಾವೆಗೆ ಕೊಟ್ಟ ಲಿಖಿತ ಉತ್ತರದಲ್ಲಿ) ಏನು ಬರೆದಿದ್ದಾರೆ? ಹಿಸ್ಸಾ 2 ಮಾತ್ರ ತಮ್ಮದು ಅಂದಿದ್ದಾರಾ, ನಿಮ್ಮ 3ನ್ನೂ ತಮ್ಮದು ಅಂದಿದ್ದಾರಾ?

ಬೀದರ್ ಬಂದಾ:
ಇಷ್ಟೆಲ್ಲಾ ಯಾಕೆ? ಆದೇಶ 23 ನಿಯಮ 1ರಲ್ಲಿ ಹೊಸ ದಾವೆ ಹಾಕುವ ಅನುಮತಿ ಪಡೆದು ಇದನ್ನು ವಾಪಸ್ ತಗೊಳ್ಳಿ. ನಮ್ಮ ಮಾವನವರು ಹಾಗೇ ಮಾಡಿದ್ದು.

ಕರಿಕೋಟು:
ವಾಪಸ್ ತಗೊಂಡ ದಿನ ತಾತ್ಕಾಲಿಕ ತಡೆಯಾಜ್ಞೆ ಹೋಯಿತು ಅಂತಲೇ ಲೆಕ್ಕ, ರಾತ್ರೋರಾತ್ರಿ ಟ್ರ್ಯಾಕ್ಟರ್ ಬರುತ್ತೆ. ಹೊಸ ದಾವೆಗೆ ಕಾಲಮಿತಿಯೂ ಹೊಸದಾಗಿ ಎಣಿಸಬೇಕು, ಹಳೇ ದಾವೆಯಲ್ಲಿ ಕಳೆದ ಕಾಲ ಸಿಗಲ್ಲ. ತಿದ್ದುಪಡಿ ತಿರಸ್ಕಾರ ಆದರೆ ಆಗ ಆ ದಾರಿ ನೋಡೋಣ.

ಸೇಡಂ ಕಡೆಯವ:
ಸರ್, ಜವಾಬು ಮತ್ತೆ ಓದಿದೆ. ಪೂರ್ತಿ ಸರ್ವೆ ನಂಬರ್ ತಮ್ಮ ಅಜ್ಜ ರಿಜಿಸ್ಟ್ರಿ ಖರೀದಿ ಮಾಡಿದ್ದು, ವಾದಿಗೆ ಹಕ್ಕೇ ಇಲ್ಲ ಅಂತ ಬರೆದಿದ್ದಾರೆ. ಅಂದರೆ ನಮ್ಮ 3ನ್ನೂ ಸೇರಿಸಿಯೇ.

ಕರಿಕೋಟು:
ಹಾಗಾದರೆ ನಂಬರ್ ತಿದ್ದಿದ ಮಾತ್ರಕ್ಕೆ ಕೇಸ್ ನಿಲ್ಲಲ್ಲ. ಮಾಲೀಕತ್ವಕ್ಕೇ ನಿಜವಾದ ತಕರಾರು ಬಂದಾಗ ಬರೀ ತಡೆಯಾಜ್ಞೆ ಕೇಳಿದರೆ ಸಾಲದು, ಹೊಲ ನಿಮ್ಮದೇ ಅಂತ ಕೋರ್ಟ್ ಸಾರುವ ಹಕ್ಕಿನ ಘೋಷಣೆಯನ್ನೂ ಕೇಳಬೇಕು. 2008ರ ಅನತುಲ ಸುಧಾಕರ್ ತೀರ್ಪು ಓದಿ, ಅದರಲ್ಲಿ ಇದೇ ವಿಷಯ ಬಿಡಿಸಿ ಹೇಳಿದ್ದಾರೆ. ಘೋಷಣೆಗೆ ಮಿತಿ ಕಾಯ್ದೆಯ 58ನೇ ವಿಧಿ ಪ್ರಕಾರ 3 ವರ್ಷ, ಹಕ್ಕು ಅಲ್ಲಗಳೆದದ್ದು ಮೊದಲು ಯಾವಾಗ ಅನ್ನೋದರಿಂದ ಎಣಿಕೆ. ಆದ್ದರಿಂದ ಆ ಜವಾಬು ಯಾವ ತಾರೀಖಿನದು, ಅದಕ್ಕೂ ಮುಂಚೆ ನೋಟಿಸ್‌ನಲ್ಲೋ ತಹಶೀಲ್ದಾರರ ಮುಂದೋ ಅವರು ಇದೇ ಮಾತು ಹೇಳಿದ್ದಾರಾ, ಇವೆರಡನ್ನೂ ಇವತ್ತೇ ನೋಡಿ.

2002ರ ಸಂಪತ್ ಕುಮಾರ್ ಪ್ರಕರಣದಲ್ಲಿ ತಡೆಯಾಜ್ಞೆ ದಾವೆಗೆ 11 ವರ್ಷದ ಮೇಲೆ ಘೋಷಣೆ ಸೇರಿಸಲು ಬಿಟ್ಟರು ಅಂತ ಯಾರಾದರೂ ಹೇಳಬಹುದು. ಅದು ವಿಚಾರಣೆ ಶುರುವಾಗುವ ಮುಂಚೆ. ನಿಮಗೆ ಅದು ಅರ್ಧ ಮಾತ್ರ ಉಪಯೋಗ.

ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿ, ಆದರೆ ಕಾರಣ ಬೇರೆ ಬೇರೆ ಬರೆಯಿರಿ. ನಂಬರಿಗೆ ಕೈತಪ್ಪು ಅನ್ನಬಹುದು, ಘೋಷಣೆಗೆ ಅದೇ ಸಬೂಬು ಹೇಳಿದರೆ ಜಡ್ಜ್ ನಗುತ್ತಾರೆ. ಜವಾಬು ಬಂದಾಗಲೇ ಯಾಕೆ ಕೇಳಲಿಲ್ಲ ಅನ್ನೋದಕ್ಕೆ ಪ್ಯಾರಾದಲ್ಲಿ ಉತ್ತರ ಇರಲೇಬೇಕು, ಇರೋದನ್ನು ಇದ್ದ ಹಾಗೇ ಬರೆಯಿರಿ.

ಟೈಪಿಸ್ಟ್ ಕಾಕಾ:
ವಕೀಲರು ದೊಡ್ಡದು ಹೇಳಿದರು, ನಾನು ಸಣ್ಣದು ಹೇಳ್ತೀನಿ. ಯಾವ ಪ್ಯಾರಾದ ಯಾವ ಸಾಲು ತೆಗೆದು ಏನು ಸೇರಿಸಬೇಕು ಅನ್ನೋದನ್ನು ಅರ್ಜಿಯಲ್ಲಿ ಅಕ್ಷರ ಅಕ್ಷರ ಬರೆಸಿ. "ಷೆಡ್ಯೂಲ್ ಸರಿಪಡಿಸಲು ಕೋರುತ್ತೇನೆ" ಅಂತ ಸುಮ್ನೆ ಒಂದು ಗೆರೆ ಹಾಕಿ ಬರುತ್ತಾರೆ, ಆಮೇಲೆ ಗೋಳು. ಅರ್ಜಿ ಮಂಜೂರಾದ ಮೇಲೆ ಆದೇಶದಲ್ಲಿ ಗಡುವು ಇಲ್ಲದಿದ್ದರೆ 14 ದಿನದಲ್ಲಿ ತಿದ್ದಿಬಿಡಬೇಕು, ಅದೇ ಆದೇಶ 6ರ ನಿಯಮ 18. ಮೀರಿದರೆ ಸಮಯ ವಿಸ್ತರಣೆಗೆ ಮತ್ತೊಂದು ಅರ್ಜಿ. ಘೋಷಣೆ ಸೇರಿದರೆ ಕೋರ್ಟ್ ಶುಲ್ಕವೂ ಏರುತ್ತೆ, ಹೊಸ ಮೌಲ್ಯದ ಪಟ್ಟಿ ಮುಂಚೆಯೇ ಮಾಡಿಟ್ಟುಕೊಳ್ಳಿ.

ಇನ್ನೊಂದು ಯಾರೂ ಹೇಳಲಿಲ್ಲ. ನಿಮ್ಮ ತಾತ್ಕಾಲಿಕ ತಡೆಯಾಜ್ಞೆಯಲ್ಲೂ ಅದೇ ಷೆಡ್ಯೂಲ್ ಇರುತ್ತೆ ಅಲ್ವಾ? ಕಾಗದದ ಮೇಲೆ ನೀವು ಅವರನ್ನು ಅವರದೇ ಹೊಲಕ್ಕೆ ಹೋಗದಂತೆ ತಡೆದಿದ್ದೀರಿ, ನಿಮ್ಮ ಹೊಲ ಬಯಲಿಗೆ ಬಿದ್ದಿದೆ. ಆ ಆದೇಶ ತಿದ್ದಲು ಬೇರೆ ಅರ್ಜಿ ಬೇಕು. ಅಪ್ಪನ ಅಫಿಡವಿಟ್‌ನಲ್ಲೂ ಹಳೇ ನಂಬರೇ ಇದ್ದರೆ ಹೆಚ್ಚುವರಿ ಅಫಿಡವಿಟ್‌ಗೆ ಅನುಮತಿ ಕೇಳಿ. ಅವರೂ ಹೆಚ್ಚುವರಿ ಜವಾಬು ಹಾಕುತ್ತಾರೆ, ಕೇಸ್ ಸ್ವಲ್ಪ ಎಳೆಯುತ್ತೆ.

ಸೇಡಂ ಕಡೆಯವ:
ಅಯ್ಯೋ, ತಡೆಯಾಜ್ಞೆ ವಿಷಯ ತಲೆಗೇ ಬಂದಿರಲಿಲ್ಲ ಕಾಕಾ. ಸರ್, ಒಂದು ವೇಳೆ ಇಲ್ಲಿ ಅರ್ಜಿ ವಜಾ ಆದರೆ?

ಕರಿಕೋಟು:
ಅದರ ಮೇಲೆ ನೇರ ಅಪೀಲು ಇಲ್ಲ. ಸಂವಿಧಾನದ 227ನೇ ವಿಧಿ ಕೆಳಗೆ ಹೈಕೋರ್ಟಿಗೆ ರಿಟ್. ಬೆಂಗಳೂರಿಗೆ ಓಡಬೇಕಿಲ್ಲ, ನಮ್ಮ ಕಲಬುರಗಿ ಪೀಠದಲ್ಲೇ ಆಗುತ್ತೆ. ಮೊದಲು ಜವಾಬಿನ ದೃಢೀಕೃತ ನಕಲು ತೆಗೆಸಿ, ಪಾಟೀಸವಾಲಿನ ತಾರೀಖಿಗೆ ಮುಂಚೆ ಅರ್ಜಿ ಕೋರ್ಟ್ ಮುಂದೆ ಇರಲಿ.