ದೊಡ್ಡ ನೆರೆಯ ದೇಶ ಬಲಿಯುತ್ತಿರುವಾಗ ಸಣ್ಣ ದೇಶ ಯಾವ ದಾರಿ ಹಿಡಿಯಬೇಕು?

ಪ್ರಶ್ನೆ

ಒಂದು ಪ್ರದೇಶದಲ್ಲಿ ಯಾವುದಾದರೊಂದು ದೇಶ ಹಣದಲ್ಲೂ ಸೈನ್ಯಬಲದಲ್ಲೂ ವೇಗವಾಗಿ ಮೇಲೇರತೊಡಗಿದರೆ ಸುತ್ತಲಿನ ಸಣ್ಣ ದೇಶಗಳಿಗೆ ಎರಡೇ ದಾರಿ ಎಂಬ ಮಾತನ್ನು ಮತ್ತೆ ಮತ್ತೆ ಓದುತ್ತೇನೆ: ಅದಕ್ಕೆ ತಗ್ಗಿ ನಡೆಯುವುದು, ಇಲ್ಲವೇ ದೂರದ ಇನ್ನೊಂದು ಶಕ್ತಿಯ ಆಸರೆ ಹಿಡಿಯುವುದು. ಫಿಲಿಪ್ಪೀನ್ಸ್ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದೆ. 2012ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಎರಡೂ ದೇಶಗಳು ತಮ್ಮದೆನ್ನುವ ಸ್ಕಾರ್ಬರೋ ದಿಬ್ಬದ ಬಳಿ ಚೀನಾದ ಹಡಗುಗಳೊಂದಿಗೆ ತಿಕ್ಕಾಟ ನಡೆದಾಗ ಫಿಲಿಪ್ಪೀನ್ಸ್‌ನಿಂದ ರಫ್ತಾದ ಬಾಳೆಹಣ್ಣು ಚೀನಾದ ಬಂದರುಗಳಲ್ಲಿ ತಪಾಸಣೆಯ ಹೆಸರಿನಲ್ಲಿ ನಿಂತು ಕೊಳೆಯಿತು. 2013ರಲ್ಲಿ ಫಿಲಿಪ್ಪೀನ್ಸ್ ಸಮುದ್ರ ಕಾನೂನಿನ ಅಡಿಯಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮೊರೆಹೋಯಿತು. 2016ರ ಜುಲೈ 12ರಂದು ತೀರ್ಪು ಬಹುಪಾಲು ಅದರ ಪರವಾಗಿ ಬಂದರೂ ಚೀನಾ ಒಪ್ಪಲಿಲ್ಲ. ಆಗಷ್ಟೇ ಫಿಲಿಪ್ಪೀನ್ಸ್ ಅಧ್ಯಕ್ಷರಾಗಿದ್ದ ಡುಟರ್ಟೆಯವರು ತೀರ್ಪನ್ನು ಬದಿಗಿಟ್ಟು ಅದೇ ಅಕ್ಟೋಬರ್‌ನಲ್ಲಿ ಬೀಜಿಂಗ್‌ಗೆ ಹೋಗಿಬಂದರು. ದಿಬ್ಬ ಮಾತ್ರ ಈಗಲೂ ಚೀನಾದ ಹಿಡಿತದಲ್ಲೇ ಇದೆ. ಹಾಗಾದರೆ ಸಣ್ಣ ದೇಶ ಏನು ಮಾಡಿದರೂ ಫಲ ಒಂದೇ ಎಂದು ತಿಳಿಯಬೇಕೇ? ಇತಿಹಾಸ ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಯಾರ ಪಕ್ಷ ಹಿಡಿಯಬೇಕು ಎಂಬಲ್ಲಿಂದ ಹೊರಟರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದು ನನಗನ್ನಿಸುತ್ತದೆ. ಬೇಡ ಎನ್ನಬೇಕಾದ ದಿನ ಬಂದಾಗ ಹಾಗೆನ್ನಲು ಎಷ್ಟು ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ಮುಂಚಿತವಾಗಿಯೇ ತಗ್ಗಿಸಿಟ್ಟುಕೊಳ್ಳುವುದು ಹೇಗೆ ಎಂದು ಕೇಳಿಕೊಳ್ಳಬೇಕು.

ಮಲೇಷ್ಯಾದ ಪೂರ್ವ ಕರಾವಳಿ ರೈಲುಮಾರ್ಗದ ಒಪ್ಪಂದವನ್ನು ನೋಡಿ. 2018ರ ಚುನಾವಣೆಯಲ್ಲಿ ಗೆದ್ದುಬಂದ ಮಹಾತಿರ್ ಅವರ ಸರ್ಕಾರ ಚೀನಾದ ಸಾಲದಿಂದ ನಡೆಯುತ್ತಿದ್ದ ಆ ಕಾಮಗಾರಿಯನ್ನು ನಿಲ್ಲಿಸಿತು. ಆದರೆ ಚೀನಾವನ್ನು ಬೈಯುತ್ತ ಕೂರದೆ, ಮಾರ್ಗವನ್ನೂ ವೆಚ್ಚವನ್ನೂ ಮತ್ತೊಮ್ಮೆ ಲೆಕ್ಕ ಹಾಕಿ ಮಾತುಕತೆಗೆ ಕುಳಿತಿತು. 2019ರ ಏಪ್ರಿಲ್‌ನಲ್ಲಿ 6,550 ಕೋಟಿ ರಿಂಗಿಟ್‌ನ ಯೋಜನೆ 4,400 ಕೋಟಿಗೆ ಇಳಿಯಿತು. ಮಲೇಷ್ಯಾಕ್ಕಿಂತ ಎಷ್ಟೋ ಬಡ ದೇಶವಾದ ಮ್ಯಾನ್ಮಾರ್ ಕೂಡ ಚೀನಾದೊಂದಿಗೆ ಸೇರಿ ಕಟ್ಟಲಿದ್ದ ಕ್ಯಾವ್ಕ್‌ಪ್ಯೂ ಬಂದರಿನ ವಿಷಯದಲ್ಲಿ ಇದೇ ದಾರಿ ಹಿಡಿಯಿತು. ಸುಮಾರು 730 ಕೋಟಿ ಡಾಲರ್ ಎನ್ನಲಾಗಿದ್ದ ಯೋಜನೆಯನ್ನು ಹಂತಗಳಾಗಿ ಒಡೆದು, 2018ರ ನವೆಂಬರ್‌ನಲ್ಲಿ ಮೊದಲ ಹಂತವನ್ನು 130 ಕೋಟಿ ಡಾಲರಿಗೆ ಮಿತಿಗೊಳಿಸಿತು. ಚೀನಾದ ಪಾಲನ್ನೂ ಶೇ. 85ರಿಂದ 70ಕ್ಕೆ ಇಳಿಸಿತು. ಈ ಎರಡು ಕಡೆಯೂ ಕೆಲಸಕ್ಕೆ ಬಂದದ್ದು ಲೆಕ್ಕ ಬಲ್ಲವರು, ಕರಾರಿನ ಒಂದೊಂದು ಷರತ್ತನ್ನೂ ಓದಿ ಇದು ನಮಗೆ ಬೇಕೇ ಎಂದು ಕೇಳಬಲ್ಲವರು. ಅಂಥ ಹತ್ತಿಪ್ಪತ್ತು ಮಂದಿಯನ್ನು ಸರ್ಕಾರದೊಳಗೆ ಬೆಳೆಸಲು ತಗಲುವ ಖರ್ಚು ಒಂದು ಯುದ್ಧನೌಕೆಯ ಬೆಲೆಯ ಮುಂದೆ ಏನೇನೂ ಅಲ್ಲ. ಆದರೂ ಈ ಕೆಲಸವನ್ನು ಕಡೆಗಣಿಸಿದ ದೇಶಗಳೇ ಹೆಚ್ಚು ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಎರಡನೇ ಉತ್ತರ

ಮೇಲಿನವರ ಮಾತಿಗೆ ಶ್ರೀಲಂಕಾದ ಅನುಭವವನ್ನು ಸೇರಿಸುತ್ತೇನೆ. ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟು 112 ಕೋಟಿ ಡಾಲರ್ ಪಡೆದದ್ದನ್ನು ಎಲ್ಲರೂ ಬಲ್ಲರು. ಆದರೆ ಆ ಹಣದಿಂದ ಬಂದರಿನ ಸಾಲ ತೀರಲಿಲ್ಲ, ಸಾಲ ಸರ್ಕಾರದ ತಲೆಯ ಮೇಲೆ ಹಾಗೆಯೇ ಉಳಿಯಿತು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಆ ದೇಶದ ವಿದೇಶಿ ಸಾಲದಲ್ಲಿ ಚೀನಾದ ಪಾಲಿಗಿಂತ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳ ಪಾಲೇ ದೊಡ್ಡದಾಗಿತ್ತು. 2022ರ ಏಪ್ರಿಲ್‌ನಲ್ಲಿ ಮರುಪಾವತಿ ನಿಲ್ಲಿಸುವ ಸ್ಥಿತಿ ಬರಲು ಮನೆಯೊಳಗಿನ ಹಣಕಾಸಿನ ಅಶಿಸ್ತು ಬಹುಮಟ್ಟಿಗೆ ಕಾರಣ. ಬೊಕ್ಕಸ ಬರಿದಾದ ದೇಶಕ್ಕೆ ವಿದೇಶಾಂಗ ನೀತಿಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವೇ ಉಳಿಯುವುದಿಲ್ಲ.

ಮೂರನೇ ಉತ್ತರ

ಲೆಕ್ಕಪತ್ರದಿಂದ ರೈಲುಮಾರ್ಗವನ್ನು ಸರಿಪಡಿಸಬಹುದು, ಗಡಿಯನ್ನು ಕಾಯಲಾಗದು. ಫಿನ್ಲೆಂಡ್ 1939-40ರ ಚಳಿಗಾಲದ ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಮೂರುವರೆ ತಿಂಗಳು ಕಾದಾಡಿ, ಕೊನೆಗೆ ನೆಲವನ್ನು ಬಿಟ್ಟುಕೊಟ್ಟಿತು. 1948ರಲ್ಲಿ ಅದೇ ನೆರೆಯೊಂದಿಗೆ ಸ್ನೇಹದ ಒಪ್ಪಂದ ಮಾಡಿಕೊಂಡು ತನ್ನ ಸಂಸತ್ತನ್ನೂ ಮಾರುಕಟ್ಟೆಯನ್ನೂ ಉಳಿಸಿಕೊಂಡಿತು. ಇದನ್ನು ಜಾಣತನ ಎಂದು ಮೆಚ್ಚುವವರಿದ್ದಾರೆ, ನಾನೂ ಅರ್ಧ ಮೆಚ್ಚುತ್ತೇನೆ. ಆದರೆ ಬೆಲೆ ಮನೆಯೊಳಗೇ ತೆರಬೇಕಾಯಿತು. ಪತ್ರಿಕೆಗಳು ಮಾಸ್ಕೋಗೆ ಹಿತವಲ್ಲದ್ದನ್ನು ತಾವಾಗಿಯೇ ಬರೆಯದಾದವು. 1973ರಲ್ಲಿ ಅಧ್ಯಕ್ಷ ಕೆಕ್ಕೊನೆನ್ ಅವರ ಅವಧಿಯನ್ನು ಚುನಾವಣೆಯೇ ಇಲ್ಲದೆ ವಿಶೇಷ ಕಾನೂನಿನ ಮೂಲಕ ನಾಲ್ಕು ವರ್ಷ ವಿಸ್ತರಿಸಲಾಯಿತು. ಇಷ್ಟೆಲ್ಲ ತಗ್ಗಿ ನಡೆದ ಕಾಲದಲ್ಲೂ ಅದು ಕಡ್ಡಾಯ ಸೈನಿಕ ಸೇವೆಯನ್ನು ಕೈಬಿಡಲಿಲ್ಲ ಎಂಬುದನ್ನು ಮರೆಯಬಾರದು. 2023ರ ಏಪ್ರಿಲ್‌ನಲ್ಲಿ ನ್ಯಾಟೋ ಸೇರಿದಾಗ ಅದು ಬರಿಗೈಯಲ್ಲಿ ಹೋಗಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸಣ್ಣ ದೇಶಗಳು ಒಗ್ಗೂಡಿದರೆ ಸಾಕಾಗುವುದಿಲ್ಲವೇ? ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ 1967ರಿಂದಲೂ ಇದೆಯಲ್ಲ?

ನಾಲ್ಕನೇ ಉತ್ತರ

ಒಗ್ಗಟ್ಟು ಬೇಕೇಬೇಕು, ಆದರೆ ಸರ್ವಾನುಮತದಿಂದಲೇ ನಡೆಯಬೇಕೆಂಬ ಕೂಟವನ್ನು ಮುರಿಯಲು ಒಬ್ಬ ಸದಸ್ಯನನ್ನು ಒಲಿಸಿಕೊಂಡರೆ ಸಾಕು. 2012ರ ಜುಲೈನಲ್ಲಿ ಕಾಂಬೋಡಿಯಾದ ಅಧ್ಯಕ್ಷತೆಯಲ್ಲಿ ನಾಮ್ ಪೆನ್‌ನಲ್ಲಿ ಸೇರಿದ್ದ ಆಸಿಯಾನ್ ವಿದೇಶಾಂಗ ಸಚಿವರ ಸಭೆ, ದಕ್ಷಿಣ ಚೀನಾ ಸಮುದ್ರದ ಪ್ರಸ್ತಾಪವಿರಬೇಕೇ ಬೇಡವೇ ಎಂಬ ಜಗಳದಲ್ಲಿ, 45 ವರ್ಷಗಳಲ್ಲಿ ಮೊದಲ ಬಾರಿಗೆ ಜಂಟಿ ಹೇಳಿಕೆಯನ್ನೇ ಹೊರಡಿಸದೆ ಮುಗಿಯಿತು.

ವಿಯೆಟ್ನಾಂ ಆ ಕೂಟದೊಳಗಿದ್ದೂ ಅದರ ಮೇಲೆಯೇ ಭಾರ ಹಾಕಲಿಲ್ಲ. 2014ರ ಮೇ ತಿಂಗಳಲ್ಲಿ ಚೀನಾ ತೈಲ ಕೊರೆಯುವ ದೈತ್ಯ ವೇದಿಕೆಯನ್ನು ವಿಯೆಟ್ನಾಂ ಕರಾವಳಿಯಿಂದ ಸುಮಾರು 120 ನಾಟಿಕಲ್ ಮೈಲಿ ದೂರದಲ್ಲಿ ತಂದು ನಿಲ್ಲಿಸಿದಾಗ, ಅದು ಗುಂಡು ಹಾರಿಸಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ತನ್ನ ಕರಾವಳಿ ಕಾವಲು ಹಡಗುಗಳನ್ನು ಕಳುಹಿಸಿತು. ಅವುಗಳಲ್ಲಿ ವಿದೇಶಿ ಪತ್ರಕರ್ತರನ್ನೂ ಕರೆದೊಯ್ದು, ಚೀನಾದ ಹಡಗುಗಳು ಜಲಫಿರಂಗಿ ಹಾರಿಸುವುದನ್ನು ಕಣ್ಣಾರೆ ಕಾಣುವಂತೆ ಮಾಡಿತು. ಜುಲೈ ಮಧ್ಯದಲ್ಲಿ ವೇದಿಕೆ ಅಲ್ಲಿಂದ ಹೊರಟಿತು. ಕೆಲಸ ಮುಗಿದ ಕಾರಣ ಎಂದು ಚೀನಾ ಹೇಳಿತು. ಅದೇ ವಿಯೆಟ್ನಾಂ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರನ್ನೂ ಡಿಸೆಂಬರ್‌ನಲ್ಲಿ ಚೀನಾದ ಅಧ್ಯಕ್ಷರನ್ನೂ ಹನೋಯಿಗೆ ಬರಮಾಡಿಕೊಂಡಿತು. ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ ಎನ್ನುವವರು ಈ ನಡೆಯನ್ನು ನಿಧಾನವಾಗಿ ಪರಿಶೀಲಿಸಬೇಕು. ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲ, ಯಾರಿಗೂ ನೆಲೆ ಕೊಡುವುದಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಸಾರಿರುವುದರಿಂದಲೇ ಅದಕ್ಕೆ ಹೀಗೆ ನಡೆಯಲು ಸಾಧ್ಯವಾಗಿದೆ.

ಕೊನೆಯದಾಗಿ, ನೀವು ನಿರಾಶೆಯಿಂದ ಉಲ್ಲೇಖಿಸಿದ ಆ ತೀರ್ಪಿನ ಬಗ್ಗೆ. ಅದು ಒಂದು ಹಡಗನ್ನೂ ಕದಲಿಸಲಿಲ್ಲ, ನಿಜ. ಆದರೆ ಮೊಕದ್ದಮೆಯಲ್ಲಿ ಪಾಲುಗಾರನೇ ಅಲ್ಲದ ಇಂಡೋನೇಷ್ಯಾ 2020ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಗೆ ಬರೆದ ಪತ್ರದಲ್ಲಿ ಅದನ್ನೇ ಆಧಾರವಾಗಿಟ್ಟುಕೊಂಡು ದಕ್ಷಿಣ ಚೀನಾ ಸಮುದ್ರದ ಬಹುಪಾಲು ತನ್ನದೆಂದು ತೋರಿಸುವ ಚೀನಾದ ಒಂಬತ್ತು ಗೆರೆಗಳ ನಕ್ಷೆಗೆ ಕಾನೂನಿನ ಬಲವಿಲ್ಲ ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತನಾಡಿದ ಡುಟರ್ಟೆಯವರು, ನಾಲ್ಕು ವರ್ಷಗಳ ಹಿಂದೆ ತಾವೇ ಬದಿಗಿಟ್ಟಿದ್ದ ತೀರ್ಪು ಈಗ ಅಂತರರಾಷ್ಟ್ರೀಯ ಕಾನೂನಿನ ಭಾಗವೆಂದೂ ಅದನ್ನು ಯಾವ ಸರ್ಕಾರವೂ ದುರ್ಬಲಗೊಳಿಸಲಾಗದೆಂದೂ ಸಾರಿದರು. 2013ರಲ್ಲಿ ಮನಿಲಾ ಮೊಕದ್ದಮೆ ಹೂಡದೆ ಇದ್ದಿದ್ದರೆ ಆ ದಿನ ಎತ್ತಿ ತೋರಿಸಲು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ.