ಪುಟ್ಟಿಯನ್ನು ಹಬ್ಬ ಹಬ್ಬಕ್ಕೂ ಊರಿಗೆ ಕರೆಯಬೇಡಿ

ತಂಗಿ, ಈಗ ತಾನೇ ನಿನ್ನ ಮೆಸೇಜ್ ನೋಡಿದೆ. ಸೋಮವಾರದಿಂದ ಮಗಳು ಪುಟ್ಟಿಗೆ ಇಂಜಿನಿಯರಿಂಗ್ ಕ್ಲಾಸ್ ಶುರು, ಹಾಸ್ಟೆಲ್‌ಗೆ ಏನೇನು ಕಳಿಸಬೇಕು, ಲ್ಯಾಪ್‌ಟಾಪ್ ಈಗಲೇ ಕೊಡಿಸಬೇಕಾ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಕಾಲೇಜಿಗೆ ಕೊಟ್ಟುಬಿಡಬೇಕಾ, ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ ಅಕ್ಕಾ ಅಂತ ಬರೆದಿದ್ದೀಯ. ಇಷ್ಟಕ್ಕೆಲ್ಲ ಬೆರಳಲ್ಲಿ ಒತ್ತಿ ಉತ್ತರ ಬರೆಯುವುದಕ್ಕೆ ನನ್ನಿಂದ ಆಗುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ. ನೀನೊಬ್ಬಳೇ ಅಲ್ಲ, ಗ್ರೂಪಿನಲ್ಲಿರುವ ಎಲ್ಲರೂ ಕೇಳಿಸಿಕೊಳ್ಳಿ. ಅದರಲ್ಲೂ ಅರಸೀಕೆರೆ ಮನೆಯವರು.

ಲ್ಯಾಪ್‌ಟಾಪ್ ವಿಷಯ ಆಮೇಲೆ. ಮೊದಲು ಅಟೆಂಡೆನ್ಸ್. ಪುಟ್ಟಿಗೆ ಓದು ಹೇಳಿಕೊಡಬೇಕಾಗಿಲ್ಲ, ಆ ಮಗು ಪಿಯುಸಿಯಲ್ಲಿ ಬೆಳಗಿನ ಜಾವ ಎದ್ದು ಓದಿದ್ದನ್ನು ನಾವೆಲ್ಲ ನೋಡಿದ್ದೇವೆ. ಅವಳಿಗೆ ತೊಂದರೆ ಬರುವುದು ಪುಸ್ತಕದಿಂದ ಅಲ್ಲ. ನಮ್ಮಿಂದ. ಮೊದಲ ಸೆಮಿಸ್ಟರ್ ಮುಗಿಯುವ ತನಕ ಯಾರೂ ಅವಳನ್ನು ಹಬ್ಬ, ನಾಮಕರಣ, ಗೃಹಪ್ರವೇಶ ಅಂತ ಊರಿಗೆ ಕರೆಯಬೇಡಿ. ಕೈಮುಗಿದು ಕೇಳುತ್ತೇನೆ.

ನನ್ನ ಕಥೆ ನಿಮಗೆಲ್ಲ ಗೊತ್ತು ಅಂದುಕೊಂಡಿದ್ದೀರಿ. "ಅಕ್ಕನಿಗೆ ಡಿಗ್ರಿಯಲ್ಲಿ ಒಂದು ವರ್ಷ ಹೋಯಿತು" ಅಂತ ಅಷ್ಟೇ ಗೊತ್ತು. ಹೇಗೆ ಹೋಯಿತು ಅಂತ ಯಾರೂ ಕೇಳಲೇ ಇಲ್ಲ. ತಂಗಿ, ನೀನು ಆಗ ಒಂದನೇ ಕ್ಲಾಸೋ ಎರಡನೇ ಕ್ಲಾಸೋ, ನಿನಗೆ ನೆನಪಿರುವುದಿಲ್ಲ.

1982. ಬಿ.ಎಸ್ಸಿ. ಮೊದಲ ವರ್ಷ. ಬೆಂಗಳೂರಿನ ಚಾಮರಾಜಪೇಟೆ ಕಡೆ ಹಾಸ್ಟೆಲ್, ಅಲ್ಲಿಂದ ಕಾಲೇಜಿಗೆ ನಡೆದೇ ಹೋಗುತ್ತಿದ್ದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್ ಶನಿವಾರ ಬೆಳಿಗ್ಗೆ. ಅದೊಂದನ್ನು ನೆನಪಿಟ್ಟುಕೊಳ್ಳಿ, ಶನಿವಾರ. ಊರಿಂದ ಅಪ್ಪನ ಕಾರ್ಡ್ ಬರುತ್ತಿತ್ತು, "ಗೌರಿ ಹಬ್ಬಕ್ಕೆ ಬಾ, ಅಮ್ಮನಿಗೆ ಕೈ ಸಾಲದು." ಶುಕ್ರವಾರ ಸಾಯಂಕಾಲ ಸಿಟಿ ಸ್ಟೇಷನ್‌ಗೆ ಹೋಗಿ ರೈಲು ಹತ್ತುತ್ತಿದ್ದೆ. ತುಮಕೂರು, ತಿಪಟೂರು ದಾಟಿ ಅರಸೀಕೆರೆ ಸೇರುವ ಹೊತ್ತಿಗೆ ರಾತ್ರಿ. ಒಂದೇ ದಿನ ತಾನೇ ತಪ್ಪುವುದು ಅನ್ನಿಸುತ್ತಿತ್ತು. ನಿಜವಾಗಿಯೂ ಪ್ರತಿ ಸಲ ಒಂದೇ ದಿನ ತಪ್ಪುತ್ತಿತ್ತು. ಆ ಒಂದು ದಿನ ಯಾವಾಗಲೂ ಶನಿವಾರ.

ಗೌರಿ ಹಬ್ಬಕ್ಕೆ ಒಂದು. ಪಿತೃಪಕ್ಷಕ್ಕೆ ಒಂದು. ದೀಪಾವಳಿಗೆ ಒಂದು. ದೊಡ್ಡಣ್ಣನಿಗೆ ಹೆಣ್ಣು ನೋಡಲು ಹೋದಾಗ ಒಂದು, ನಿಶ್ಚಿತಾರ್ಥಕ್ಕೆ ಒಂದು, ಮದುವೆಗೆ ಎರಡು. ಸಂಕ್ರಾಂತಿಗೆ ಒಂದು. ಮನೆದೇವರ ಜಾತ್ರೆಗೆ ಒಂದು. ಒಂಬತ್ತು. ಆ ವರ್ಷ ನಡೆದ ಪ್ರಾಕ್ಟಿಕಲ್ಸ್ 24. ನಾನು ಹೋಗಿದ್ದು 15. ನಮ್ಮ ಕಾಲೇಜಿನಲ್ಲಿ 75 ಪರ್ಸೆಂಟ್ ಬೇಕಿತ್ತು, ಅಂದರೆ 18. ಮೂರು ಪ್ರಾಕ್ಟಿಕಲ್ ಕಡಿಮೆ.

ಉಳಿದ ಎಲ್ಲದರಲ್ಲೂ ನನ್ನ ಹಾಜರಿ ಚೆನ್ನಾಗಿತ್ತು. ಫಿಸಿಕ್ಸ್ ಕ್ಲಾಸ್ ಒಂದೂ ಬಿಟ್ಟಿರಲಿಲ್ಲ. ಒಟ್ಟು ಲೆಕ್ಕ ಹಾಕಿದರೆ ಸಾಕಷ್ಟು ಮೇಲೇ ಇತ್ತು. ಆದರೆ ಒಟ್ಟು ಲೆಕ್ಕ ಅವರು ನೋಡುವುದಿಲ್ಲ, ಒಂದೊಂದನ್ನೂ ಬೇರೆ ಬೇರೆ ನೋಡುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಹದಿನೈದು ದಿನ ಇರುವಾಗ ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಲಿಸ್ಟ್ ಹಾಕಿದರು. ಟೈಪ್ ಮಾಡಿದ ಹಾಳೆ. ನಾನು ನೋಡಲೂ ಹೋಗಿರಲಿಲ್ಲ, ಗೆಳತಿ ಓಡಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ನನ್ನ ಹೆಸರು ಕೆಳಗಿನಿಂದ ಎರಡನೆಯದು. ಆಫೀಸಿನ ಮುಂದೆ ಮೂರು ದಿನ ನಿಂತೆ. ಹಾಲ್ ಟಿಕೆಟ್ ಕೊಡಲಿಲ್ಲ. ನನ್ನ ಜೊತೆಯವರು ಪರೀಕ್ಷೆ ಬರೆದರು, ನಾನು ಟ್ರಂಕ್ ತುಂಬಿಕೊಂಡು ಊರಿಗೆ ಬಂದೆ. ಮುಂದಿನ ವರ್ಷ ಮತ್ತೆ ಮೊದಲ ವರ್ಷಕ್ಕೇ ಕೂತೆ. ಅಕ್ಕಪಕ್ಕ ಎಲ್ಲ ಹೊಸಬರು. ಹಳೆಯ ಗೆಳತಿಯರು ಕಾರಿಡಾರಿನಲ್ಲಿ ಸಿಕ್ಕಾಗ ಮುಖ ತಗ್ಗಿಸಿ ನಡೆಯುತ್ತಿದ್ದೆ. ಮೂರು ಶನಿವಾರಕ್ಕೆ ಒಂದು ವರ್ಷ ಕೊಟ್ಟೆ ಕಣೇ.

ಈಗ ಪುಟ್ಟಿಯ ಲೆಕ್ಕ ಕೇಳಿ. ಅವಳ ಕಾಲೇಜು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅಲ್ಲಿ 75 ಅಲ್ಲ, 85. ಅದೂ ಪ್ರತಿಯೊಂದು ಸಬ್ಜೆಕ್ಟ್‌ನಲ್ಲೂ. ಸರಿಯಾದ ಕಾರಣ ಇದ್ದು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ 75ರ ತನಕ ಮನ್ನಾ ಮಾಡುವ ಅವಕಾಶ ಇದೆ, ಆದರೆ ಅದು ಜ್ವರ, ಆಸ್ಪತ್ರೆಯಂಥ ಕಷ್ಟಕ್ಕೆ ಇರುವುದು. ಗೃಹಪ್ರವೇಶಕ್ಕಲ್ಲ. ಒಂದು ಸಬ್ಜೆಕ್ಟ್‌ಗೆ 40 ಕ್ಲಾಸ್ ನಡೆದರೆ 34ಕ್ಕೆ ಇರಲೇಬೇಕು, ಕೈಯಲ್ಲಿ ಉಳಿಯುವುದು 6. ಲ್ಯಾಬ್ ಇನ್ನೂ ಬಿಗಿ. ವಾರಕ್ಕೊಂದು ಲ್ಯಾಬ್, ಸೆಮಿಸ್ಟರ್‌ಗೆ 14 ಅಂತ ಇಟ್ಟುಕೊಳ್ಳಿ. ಎರಡು ತಪ್ಪಿದರೆ 85ರ ಅಂಚಿನಲ್ಲಿ ಹೇಗೋ ನಿಲ್ಲುತ್ತದೆ. ಮೂರನೆಯದು ತಪ್ಪಿತೋ, 78ಕ್ಕೆ ಇಳಿಯಿತು. ನನಗೆ ಒಂಬತ್ತು ತಪ್ಪಿದ ಮೇಲೆ ಬಂದ ಗತಿ ಅವಳಿಗೆ ಮೂರಕ್ಕೇ ಬರುತ್ತದೆ.

ಒಂದು ನಿಮಿಷ ಇರಿ, ಕುಕ್ಕರ್ ಕೂಗಿತು.

ಹಾಂ. ಇನ್ನೊಂದು ಮಾತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆಗಿದೆ, ತುಂಬಾ ಒಳ್ಳೆಯದು. ನನ್ನ ಕಾಲದಲ್ಲಿ ಇದ್ದಿದ್ದರೆ ಅಪ್ಪನಿಗೆ ಎಷ್ಟು ದುಡ್ಡು ಉಳಿಯುತ್ತಿತ್ತು. ಆಧಾರ್ ತೋರಿಸಿದರೆ ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ ಹತ್ತಿ ಅರಸೀಕೆರೆಗೆ ಬಂದುಬಿಡಬಹುದು. ಆದರೆ ಇದರಲ್ಲೇ ನನಗೆ ಭಯ. ನಮಗೆ ಊರಿಗೆ ಹೋಗಬೇಕಾದರೆ ಟಿಕೆಟ್ ದುಡ್ಡು ಹೊಂದಿಸಬೇಕಿತ್ತು, ಅದೇ ಎಷ್ಟೋ ಸಲ ತಡೆಯುತ್ತಿತ್ತು. ಈಗ ಆ ತಡೆ ಇಲ್ಲ. ಮೊದಲ ತಿಂಗಳು ಮಕ್ಕಳಿಗೆ ಮನೆ ನೆನಪು ಜಾಸ್ತಿ. ಹಾಸ್ಟೆಲ್ ಸಾರು ಹಿಡಿಸುವುದಿಲ್ಲ, ರೂಮಿನವರ ಪರಿಚಯ ಆಗಿರುವುದಿಲ್ಲ. ಅಂಥ ಹೊತ್ತಿನಲ್ಲಿ ಅಮ್ಮ ಫೋನ್ ಮಾಡಿ "ಹೇಗಿದ್ದರೂ ಬಸ್ ಫ್ರೀ ಅಲ್ವಾ, ಬಂದು ಹೋಗು" ಅಂದರೆ ಮಗು ಶುಕ್ರವಾರ ಮಧ್ಯಾಹ್ನವೇ ಬ್ಯಾಗ್ ಹೆಗಲಿಗೆ ಹಾಕುತ್ತದೆ. ಆ ಮಧ್ಯಾಹ್ನ ಲ್ಯಾಬ್ ಇದ್ದರೆ? ತಂಗಿ, ಈ ಮಾತು ನಿನಗೇ ಹೇಳುತ್ತಿದ್ದೇನೆ. ನಿನಗೆ ಅಳು ಬಂದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ಅವಳಿಗೆ ಬಾ ಅನ್ನಬೇಡ.

ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕ್ಲಾಸ್ ಇರುವ ದಿನ ಅವಳನ್ನು ಊರಿಗೆ ಕರೆಯಬೇಡಿ. ಹಬ್ಬಕ್ಕೆ ಕಾಲೇಜೇ ರಜೆ ಕೊಟ್ಟರೆ ಬರಲಿ, ರಜೆ ಮುಗಿಯುವ ಹಿಂದಿನ ದಿನ ವಾಪಸ್ ಹೊರಡಲಿ.

ಈ ಮಾತು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ಹೋದ ವಾರ ಇದೇ ಗ್ರೂಪಿನಲ್ಲಿ ನೋಡಿದೆ. ಹೊಸ ಮನೆ ಗೃಹಪ್ರವೇಶ ಶುಕ್ರವಾರ. ದೊಡ್ಡತ್ತಿಗೆ, ನೀವು ಬರೆದಿದ್ದೀರಿ, "ಪುಟ್ಟಿ ಬುಧವಾರವೇ ಬಂದುಬಿಡಲಿ, ರಂಗೋಲಿಗೆ ಕೈ ಬೇಕು" ಅಂತ. ಅದರ ಕೆಳಗೇ ಮೈಸೂರಿನಲ್ಲಿ ಓದುತ್ತಿರುವ ಚಿನ್ನು ಬಗ್ಗೆ, "ಅವನಿಗೆ ಕಾಲೇಜಿನ ಟೆಸ್ಟು, ಇಂಟರ್ನಲ್ಸ್ ಇರಬಹುದು, ಆಗುವುದಾದರೆ ಬರಲಿ, ಇಲ್ಲದಿದ್ದರೆ ಬೇಡ" ಅಂತ. ಇಬ್ಬರದೂ ಅದೇ ವಿಟಿಯು. ಇಬ್ಬರಿಗೂ ಅದೇ 85. ಅವನಿಗೆ ಮಾತ್ರ ಇಂಟರ್ನಲ್ಸ್ ಇರುತ್ತದಾ ಅತ್ತಿಗೆ?

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮದುವೆಗೇ ನನ್ನ ಎರಡು ಶನಿವಾರ ಹೋಗಿದ್ದು, ಆಗ ನೀವೂ ಹೊಸಬರು, ನಿಮಗೆ ಹೇಗೆ ಗೊತ್ತಾಗಬೇಕು. ಆದರೆ ಆ ವರ್ಷ ಎರಡನೇ ಅಣ್ಣನೂ ಮೈಸೂರಿನಲ್ಲಿ ಓದುತ್ತಿದ್ದ. ಅವನಿಗೆ ಒಂದು ಕಾರ್ಡೂ ಹೋಗಲಿಲ್ಲ. "ಹುಡುಗ ಓದಿಕೊಳ್ಳುತ್ತಿದ್ದಾನೆ, ತೊಂದರೆ ಕೊಡಬೇಡಿ" ಅಂತ ಅಪ್ಪನೇ ಹೇಳುತ್ತಿದ್ದರು. ಮದುವೆಗೆ ಧಾರೆಯ ದಿನ ಬೆಳಿಗ್ಗೆ ಬಂದು ಊಟ ಮಾಡಿ ಸಂಜೆ ಹೊರಟ. ನಾನು ಮುಂಚೆ ಬಂದು ಚಪ್ಪರದ ಕೆಲಸದವರಿಗೆ ಕಾಫಿ ಮಾಡಿಕೊಟ್ಟೆ, ಬೀಗರು ಹೋದ ಮೇಲೆ ಪಾತ್ರೆ ತಿಕ್ಕಿಸಿದೆ. ಕಾಲೇಜಿನಲ್ಲಿ ಹಾಲ್ ಟಿಕೆಟ್ ನಿಂತಾಗ ಅಪ್ಪನಿಗೆ ಟೆಲಿಗ್ರಾಂ ಕೊಟ್ಟೆ, ಒಬ್ಬರಾದರೂ ಬಂದು ಮಾತಾಡಿ ಅಂತ. ಕಾಯಿ ಕೀಳಿಸುವ ಕೆಲಸ ಇದೆ, ಬರಲಾಗುವುದಿಲ್ಲ ಅಂದರು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ, "ಹೆಣ್ಣು ಹುಡುಗಿಗೆ ಒಂದು ವರ್ಷ ಹೋದರೆ ಏನಾಯಿತು ಬಿಡು." ಆ ಒಂದು ವರ್ಷದಿಂದ ನನ್ನ ಬಿ.ಎಡ್. ತಡವಾಯಿತು, ಕೆಲಸ ತಡವಾಯಿತು. ನನ್ನ ಜೊತೆ ಸೇರಿದವಳು ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದಳು, ನಾನು ಅಸಿಸ್ಟೆಂಟ್ ಟೀಚರ್ ಆಗಿಯೇ ಮನೆಗೆ ಬಂದೆ. ಇದನ್ನು ನಲವತ್ತು ವರ್ಷದಲ್ಲಿ ಒಮ್ಮೆಯೂ ಯಾರ ಹತ್ತಿರವೂ ಹೇಳಿರಲಿಲ್ಲ. ಇವತ್ತು ಪುಟ್ಟಿಗೋಸ್ಕರ ಹೇಳಿದೆ. ರಂಗೋಲಿಗೆ ಕೈ ಬೇಕಾದರೆ ನಾನು ಬರುತ್ತೇನೆ ಅತ್ತಿಗೆ. ಬುಧವಾರವೇ ಬರುತ್ತೇನೆ, ನನಗೆ ಈಗ ಯಾವ ಹಾಜರಿಯೂ ಇಲ್ಲ.

ಅಯ್ಯೋ, ತಂಗಿ, ನೀನು ಕೇಳಿದ್ದು ಉಳಿದೇ ಹೋಯಿತು. ಬೇಗ ಬೇಗ ಹೇಳುತ್ತೇನೆ, ಬರೆದುಕೋ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ತಾಳೆ ನೋಡಿದ ಮೇಲೆ ವಾಪಸ್ ಕೇಳಿ ತೆಗೆದುಕೋ. ಕಾಲೇಜುಗಳು ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲೇ ಹೇಳಿದೆ. ಟಿಸಿ ಮಾತ್ರ ಒರಿಜಿನಲ್ಲೇ ಕೊಡಬೇಕು, ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ಮಾಡಿಸು. ಏನೇ ಕೊಟ್ಟರೂ ಸಹಿ ಹಾಕಿದ ರಸೀದಿ ತೆಗೆದುಕೋ. ಎಲ್ಲದರ ಫೋಟೋ ನನಗೂ ಒಂದು ಕಳಿಸು, ನನ್ನ ಹತ್ತಿರ ಇರಲಿ.

ಲ್ಯಾಪ್‌ಟಾಪ್ ಈಗ ಬೇಡ. ಒಂದು ತಿಂಗಳು ಹೋಗಲಿ, ಲ್ಯಾಬಿನಲ್ಲಿ ಏನು ಉಪಯೋಗಿಸುತ್ತಾರೆ ಅಂತ ನೋಡಿ ಕೊಡಿಸಿದರಾಯಿತು. ಪುಸ್ತಕಕ್ಕೂ ಅವಸರ ಬೇಡ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಇರುತ್ತದೆ, ಅರ್ಧ ಮಕ್ಕಳಿಗೆ ಇದು ಮೊದಲು, ಇನ್ನರ್ಧಕ್ಕೆ ಅದು ಮೊದಲು. ಯಾವುದು ಬಂತು ಅಂತ ತಿಳಿದ ಮೇಲೆ ಕ್ಲಾಸ್ ಇಲ್ಲದ ಒಂದು ಶನಿವಾರ ಮಧ್ಯಾಹ್ನ ನಾನೇ ಅವೆನ್ಯೂ ರೋಡಿಗೆ ಕರೆದುಕೊಂಡು ಹೋಗುತ್ತೇನೆ, ಹಳೆ ಪುಸ್ತಕ ಸಿಗುತ್ತದೆ.

ಸ್ಕಾಲರ್‌ಶಿಪ್ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು. ಅದಕ್ಕೆ ಅವಳ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಜಾತಿ ಆದಾಯ ಸರ್ಟಿಫಿಕೇಟಿನ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಬೇಕು. ಇದನ್ನು ಸೋಮವಾರದ ಒಳಗೆ ಊರಲ್ಲೇ ಮುಗಿಸು, ಆಮೇಲೆ ಇದಕ್ಕಂತ ಅವಳನ್ನು ಕರೆಸುವ ಹಾಗಾಗಬಾರದು.

ರ‍್ಯಾಗಿಂಗ್ ಭಯ ಅಂದಿದ್ದೆ ಹೋದ ಸಲ ಫೋನಿನಲ್ಲಿ. 1800-180-5522, ಯುಜಿಸಿಯ ಸಹಾಯವಾಣಿ, ರಾತ್ರಿಯೂ ಎತ್ತುತ್ತಾರೆ. ಅವಳ ಫೋನಿನಲ್ಲಿ ನೀನೇ ಸೇವ್ ಮಾಡಿಕೊಡು. ನನ್ನ ನಂಬರ್ ಅದಕ್ಕಿಂತ ಮೇಲೆ ಇರಲಿ.

ಇಂಟರ್ನಲ್ಸ್ ಅಂದರೆ ಸಣ್ಣ ಟೆಸ್ಟ್ ಅಂದುಕೊಳ್ಳುವುದು ಬೇಡ. 50ಕ್ಕೆ ಕನಿಷ್ಠ 20 ಬರದಿದ್ದರೆ ಆ ಸಬ್ಜೆಕ್ಟ್‌ನಲ್ಲಿ ಕೊನೆಯ ಪರೀಕ್ಷೆಗೇ ಕೂರಿಸುವುದಿಲ್ಲ. ಲ್ಯಾಬ್ ರೆಕಾರ್ಡ್ ಆ ವಾರದ್ದು ಆ ವಾರವೇ ಬರೆದು ಸಹಿ ಹಾಕಿಸಿಕೊಳ್ಳಲಿ.

ಪುಟ್ಟಿ, ನೀನೂ ಕೇಳುತ್ತಿದ್ದರೆ, ದೊಡ್ಡಮ್ಮನ ಒಂದು ಮಾತು. ಒಂದು ಸಣ್ಣ ಡೈರಿ ಇಟ್ಟುಕೋ ಕಂದ. ಸಬ್ಜೆಕ್ಟ್‌ಗೊಂದು ಪುಟ. ಕ್ಲಾಸ್ ನಡೆದ ದಿನ ಒಂದು ಗೆರೆ, ನೀನು ಹೋಗದ ದಿನ ಗೆರೆಗೆ ಸುತ್ತು. ತಿಂಗಳ ಕೊನೆಗೆ ಕಾಲೇಜಿನವರು ತೋರಿಸುವ ಲೆಕ್ಕದ ಜೊತೆ ಹೋಲಿಸು. ನೀನು ಇದ್ದ ದಿನ ಅವರು ಆಬ್ಸೆಂಟ್ ಹಾಕಿದ್ದರೆ ಅದೇ ವಾರ ಮೇಡಂ ಹತ್ತಿರ ಹೋಗಿ ಹೇಳು, ಅವರಿಗೂ ನೆನಪಿರುತ್ತದೆ, ಸರಿ ಮಾಡುತ್ತಾರೆ. ಸೆಮಿಸ್ಟರ್ ಕೊನೆಗೆ ಹೋದರೆ ಯಾರಿಗೂ ನೆನಪಿರುವುದಿಲ್ಲ. ಟೈಮ್‌ಟೇಬಲ್ ಕೊಟ್ಟ ತಕ್ಷಣ ಯಾವ ದಿನ ಲ್ಯಾಬ್ ಅಂತ ನೋಡಿ ನನಗೆ ಕಳಿಸು. ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಗ್ರೂಪಿಗೆ ಹಾಕುತ್ತೇನೆ, ಆ ದಿನಗಳಲ್ಲಿ ಯಾರೂ ನಿನ್ನನ್ನು ಕರೆಯುವುದಿಲ್ಲ.

ಮನೆ ನೆನಪಾದರೆ ಭಾನುವಾರ ಇಲ್ಲಿಗೆ ಬಾ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿ. ಅಲ್ಲಿಂದ ಹನುಮಂತನಗರಕ್ಕೆ ಆಟೋ ಬೇಡ, ನಾನು ಬಂದು ನಿಂತಿರುತ್ತೇನೆ. ಅವರೆಕಾಯಿ ಕಾಲ ಬಂದರೆ ಹಿದಕಿದ ಬೇಳೆ ಸಾರು ಮಾಡುತ್ತೇನೆ, ಈಗ ಅಕ್ಕಿರೊಟ್ಟಿ, ಕಾಯಿಚಟ್ನಿ. ಸಂಜೆ ಆರಕ್ಕೆ ನಾನೇ ಮೆಟ್ರೋ ಹತ್ತಿಸುತ್ತೇನೆ. ಸೋಮವಾರ ಮೊದಲ ಪೀರಿಯಡ್ ಇರುತ್ತದೆ.